ಹಬ್ಬದ ಮನೆಯ ಹಾಡುಗಾರರು

ಫ್ಲಮೆಂಕೊ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ. ಚುಕ್ಕೆ ಚುಕ್ಕೆಯ ನೆರಿಗೆ ಲಂಗ ತೊಟ್ಟ ನರ್ತಕಿ, ನೆಲ ನಡುಗಿಸುವ ಹಿಮ್ಮಡಿಯ ಸದ್ದು, ಬೆರಳುಗಳೇ ಕಾಣದಷ್ಟು ವೇಗವಾಗಿ ಮೀಟುವ ಗಿಟಾರು. ಸ್ಪೇನಿನ ಪ್ರವಾಸೋದ್ಯಮದ ಪೋಸ್ಟರುಗಳು ಈ ಚಿತ್ರವನ್ನು ಜಗತ್ತಿನ ಮೂಲೆಮೂಲೆಗೂ ಮುಟ್ಟಿಸಿವೆ. ಆದರೆ ಸ್ಪೇನಿನ ದಕ್ಷಿಣಕ್ಕಿರುವ ಆಂದಲೂಸಿಯಾದ ಜನರನ್ನು ಕೇಳಿದರೆ ಅವರು ಬೇರೆಯೇ ಲೆಕ್ಕ ಹೇಳುತ್ತಾರೆ. ಅವರ ಪ್ರಕಾರ ಫ್ಲಮೆಂಕೊದ ತಾಯಿಬೇರು ಹಾಡು. ಗಿಟಾರು, ಕುಣಿತ ಎರಡೂ ಅದರ ಬೆನ್ನು ಹಿಡಿದು ಬಂದವು.

ಆ ಹಾಡುಗಾರರಲ್ಲಿಯೂ ಒಂದು ವಿಶಿಷ್ಟ ಬಳಗವಿದೆ. ಇವರಲ್ಲಿ ಬಹುಪಾಲು ಮಂದಿಯ ಹೆಸರು ರೆಕಾರ್ಡುಗಳ ಮೇಲೆ ಅಚ್ಚಾಗಿಲ್ಲ. ಹಗಲಿಡೀ ಮಾಂಸದ ಅಂಗಡಿಯಲ್ಲೋ ದ್ರಾಕ್ಷಿ ತೋಟದಲ್ಲೋ ಕಮ್ಮಾರಸಾಲೆಯಲ್ಲೋ ದುಡಿದು, ಸಂಜೆ ನಾಲ್ಕು ಜನ ಸೇರಿದ ಕಡೆ ಬಾಯಿ ತೆರೆಯುವವರು ಇವರು. ಮದುವೆ, ನಾಮಕರಣ, ಕ್ರಿಸ್‌ಮಸ್, ಇಲ್ಲವೇ ಸುಮ್ಮನೆ ಒಂದು ಶನಿವಾರದ ರಾತ್ರಿ, ಇಷ್ಟಿದ್ದರೆ ಸಾಕು. ಸ್ಪೇನಿನ ಭಾಷೆಯಲ್ಲಿ ಹಬ್ಬಕ್ಕೆ, ಔತಣಕ್ಕೆ 'ಫಿಯೆಸ್ತಾ' ಎನ್ನುತ್ತಾರೆ. ಅದರಿಂದ ಬಂದ ಹೆಸರು 'ಫೆಸ್ತೇರೊ', ಅಂದರೆ ಹಬ್ಬದ ಹಾಡುಗಾರ. ಹಾಡು, ಹೆಜ್ಜೆ, ಹಾಸ್ಯ, ಚಪ್ಪಾಳೆ ಎಲ್ಲವನ್ನೂ ಒಂದೇ ಮೈಯಲ್ಲಿ ಹೊತ್ತು ಇಡೀ ಕೂಟವನ್ನು ಎಬ್ಬಿಸಿ ನಿಲ್ಲಿಸುವವನು.

ಫ್ಲಮೆಂಕೊದ ಚರಿತ್ರೆ ಬರೆದವರು ಬಹುಕಾಲ ಇವರಿಗೆ ಕೊಟ್ಟ ಜಾಗ ಅಡಿಟಿಪ್ಪಣಿಯಷ್ಟು. ದುಃಖದ ಗಂಭೀರ ಹಾಡುಗಳನ್ನು ಹಾಡುವವರು ದೊಡ್ಡವರು, ನಗಿಸುವ ಕುಣಿಸುವ ಹಾಡಿನವರು ಚಿಕ್ಕವರು ಎಂಬ ಎಣಿಕೆ ಅದಕ್ಕೆ ಕಾರಣ. ಈ ಎಣಿಕೆ ಎಷ್ಟು ಸರಿ? ಪರಂಪರೆಯೊಂದನ್ನು ನಿಜವಾಗಿ ಹೊತ್ತು ನಡೆಯುವವರು ಯಾರು? ವೇದಿಕೆಯ ಮೇಲಿರುವ ಪ್ರಸಿದ್ಧರೋ, ಅಂಗಳದಲ್ಲಿ ಕುಳಿತ ಅನಾಮಿಕರೋ?

ಹನ್ನೆರಡರ ಚಕ್ರ

ಹಬ್ಬದ ಹಾಡುಗಾರನ ಮುಖ್ಯ ಆಯುಧ 'ಬುಲೆರಿಯಾ' ಎಂಬ ಹಾಡಿನ ಬಗೆ. ಫ್ಲಮೆಂಕೊದ ಹತ್ತಾರು ಬಗೆಗಳಲ್ಲಿ ವಯಸ್ಸಿನಲ್ಲಿ ಇದು ಕಿರಿಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ, 'ಸೊಲೆಯಾ' ಎಂಬ ನಿಧಾನಗತಿಯ ಗಂಭೀರ ಹಾಡಿನ ಲಯ ಚುರುಕಾಗಿ ಇದು ರೂಪುಗೊಂಡಿತೆನ್ನುತ್ತಾರೆ. ಶೆರ್ರಿ ಮದ್ಯಕ್ಕೂ ಕುದುರೆಗಳಿಗೂ ಹೆಸರಾದ ಹೆರೆಸ್ ಪಟ್ಟಣ ಬುಲೆರಿಯಾದ ತವರು. ಇದರ ಜೊತೆಗೆ ನಾಲ್ಕು ಎಣಿಕೆಯ 'ತಾಂಗೊ' ಹಾಡುಗಳೂ ಹಬ್ಬದ ಕೂಟಕ್ಕೆ ಬೇಕೇ ಬೇಕು. ಅರ್ಜೆಂಟೀನಾದ ಜೋಡಿ ಕುಣಿತದ ಹೆಸರೂ ತಾಂಗೊ ಆದರೂ ಎರಡಕ್ಕೂ ರೂಪದಲ್ಲಿ ಹೋಲಿಕೆಯಿಲ್ಲ.

ಬುಲೆರಿಯಾದ ತಾಳದ ಆವರ್ತ ಹನ್ನೆರಡು ಎಣಿಕೆಯದು. ಒತ್ತು ಬೀಳುವ ಜಾಗಗಳು ಸಮನಾಗಿ ಹಂಚಿಕೊಂಡಿಲ್ಲ ಎಂಬಲ್ಲೇ ಅದರ ಮೋಜು. ಸಾಮಾನ್ಯವಾಗಿ ಹನ್ನೆರಡು, ಮೂರು, ಆರು, ಎಂಟು, ಹತ್ತು, ಹೀಗೆ ಒತ್ತು. ಅಂದರೆ ಮೊದಲು ಮೂರು ಮೂರರ ಎರಡು ಹೆಜ್ಜೆ, ಆಮೇಲೆ ಎರಡೆರಡರ ಮೂರು ಹೆಜ್ಜೆ. ಆವರ್ತ ಶುರುವಾಗುವುದು ಒಂದರಿಂದಲ್ಲ, ಹನ್ನೆರಡರಿಂದ. ಮುಕ್ತಾಯದ ಪೆಟ್ಟು ಬೀಳುವುದು ಹತ್ತರ ಮೇಲೆ. ಒಂದರ ಮೇಲೆ ಸಮ ಹಿಡಿದು ರೂಢಿಯಾದ ಕಿವಿಗೆ ಮೊದಮೊದಲು ಇದು ಕಾಲ ಕೆಳಗಿನ ನೆಲ ಜಾರಿದಂತೆ ತೋರುತ್ತದೆ. ಹೆರೆಸ್‌ನ ಹುಡುಗರಿಗೆ ಮಾತ್ರ ಇದು ಎಣಿಸಬೇಕಾದ ಲೆಕ್ಕವೇ ಅಲ್ಲ. ತೊಟ್ಟಿಲಲ್ಲಿರುವಾಗಲೇ ಅಜ್ಜಿಯ ಚಪ್ಪಾಳೆಯಲ್ಲಿ ಕೇಳಿದ ಸದ್ದು ಅದು.

ಈ ತಾಳಕ್ಕೆ ಅಲ್ಲಿ 'ಕೊಂಪಾಸ್' ಎಂದು ಹೆಸರು. ಅದನ್ನು ಹಿಡಿಯಲು ವಾದ್ಯಗಳೇ ಬೇಕೆಂದಿಲ್ಲ. ಅಂಗೈ ತಟ್ಟಿದರೆ ಸಾಕು. ಆ ಚಪ್ಪಾಳೆಯಲ್ಲೂ ಎರಡು ಬಗೆ. ಬೆರಳುಗಳನ್ನು ಅಂಗೈಗೆ ಬಡಿದು ಹೊರಡಿಸುವ ಗಟ್ಟಿ ಸದ್ದು ಒಂದು, ಅಂಗೈ ಗುಳಿ ಮಾಡಿಕೊಂಡು ತಟ್ಟುವ ಮೆತ್ತನೆಯ ಸದ್ದು ಇನ್ನೊಂದು. ಹಾಡುಗಾರ ಬಾಯಿ ತೆರೆದಾಗ ಮೆತ್ತನೆಯದು, ಕುಣಿತಕ್ಕಿಳಿದಾಗ ಗಟ್ಟಿಯದು. ಹೋಟೆಲಿನ ಮೇಜಿನ ಸುತ್ತ ಕುಳಿತಿದ್ದರೆ ಬೆರಳ ಗೆಣ್ಣುಗಳಿಂದ ಮೇಜು ಕುಟ್ಟುತ್ತಾರೆ. ಒಬ್ಬರು ತಾಳದ ಮೇಲೆ ತಟ್ಟಿದರೆ ಇನ್ನೊಬ್ಬರು ನಡುವಿನ ಸಂದಿಗಳಲ್ಲಿ ತಟ್ಟುತ್ತಾರೆ. ಎರಡೂ ಸೇರಿದಾಗ ಹತ್ತು ಜನರ ಮೇಳವೇ ಇದ್ದಂತೆ ಕೇಳುತ್ತದೆ.

ಕೂಟದ ಕ್ರಮ ಹೀಗೆ: ಜನ ಅರ್ಧ ಚಂದ್ರಾಕಾರದಲ್ಲಿ ನಿಲ್ಲುತ್ತಾರೆ ಅಥವಾ ಕೂರುತ್ತಾರೆ. ತಾಳ ಕುದುರುತ್ತಿದ್ದಂತೆ ಒಬ್ಬರು ಮುಂದೆ ಬಂದು ಮೂರು ನಾಲ್ಕು ಸಾಲಿನ ಒಂದು ಪುಟ್ಟ ಪದ ಹಾಡುತ್ತಾರೆ. ಹಿಂದೆಯೇ ಇನ್ನೊಂದು. ಪ್ರತಿ ಪದವೂ ಬಿಡಿ ಬಿಡಿ. ಒಂದು ಪ್ರೇಮದ್ದಾದರೆ ಇನ್ನೊಂದು ಅತ್ತೆಯ ಗೇಲಿ, ಮತ್ತೊಂದು ಸತ್ತ ತಾಯಿಯ ನೆನಪು. ಹಾಡು ಮುಗಿಯುವ ಹೊತ್ತಿಗೆ ಆ ವ್ಯಕ್ತಿ, ಅರವತ್ತು ದಾಟಿದ ದಢೂತಿ ಹೆಂಗಸಾದರೂ ಸರಿ, ಲಂಗದ ಅಂಚನ್ನು ಚೂರು ಎತ್ತಿ ನಾಲ್ಕು ಹೆಜ್ಜೆ ಹಾಕುತ್ತಾಳೆ. ಸರಿಯಾಗಿ ಹತ್ತರ ಪೆಟ್ಟಿಗೆ ಥಟ್ಟನೆ ನಿಲ್ಲುತ್ತಾಳೆ. ಸುತ್ತಲಿನವರು ಹೋ ಎಂದು ಕೂಗುತ್ತಾರೆ. ಆಕೆ ಏನೂ ಆಗಿಲ್ಲವೆಂಬಂತೆ ತನ್ನ ಜಾಗಕ್ಕೆ ಮರಳುತ್ತಾಳೆ, ಬೇರೊಬ್ಬರು ಮುಂದೆ ಬರುತ್ತಾರೆ.

ಇಲ್ಲಿ ಪ್ರೇಕ್ಷಕರು ಎಂಬ ಬೇರೆ ಜಾತಿಯಿಲ್ಲ. ಚಪ್ಪಾಳೆ ತಟ್ಟುವವನೂ, ನಡುನಡುವೆ ಹುರಿದುಂಬಿಸುವ ಮಾತೆಸೆಯುವವನೂ ಹಾಡಿನ ಪಾಲುದಾರರೇ. ಈ ಹುರಿದುಂಬಿಸುವ ಕಲೆಗೆ 'ಹಾಲೆಯೊ' ಎನ್ನುತ್ತಾರೆ. ಅದಕ್ಕೂ ಕಾಲವಿದೆ, ಜಾಗವಿದೆ. ತಪ್ಪು ಎಣಿಕೆಯ ಮೇಲೆ ಕೂಗಿದವನನ್ನು ಕೂಟ ಕಣ್ಣಲ್ಲೇ ಗದರಿಸುತ್ತದೆ.

ಅಂಗಳ, ತೋಟ, ಕಮ್ಮಾರಸಾಲೆ

ಈ ಹಾಡಿನ ಬಳಗದಲ್ಲಿ ಹೆಚ್ಚಿನವರು 'ಹಿತಾನೊ' ಜನ, ಅಂದರೆ ಸ್ಪೇನಿನ ಜಿಪ್ಸಿಗಳು. ಇವರ ಪೂರ್ವಿಕರು ಭಾರತದ ವಾಯವ್ಯ ಭಾಗದಿಂದ ಹೊರಟವರೆಂದು ಭಾಷಾವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಸ್ಪೇನಿನ ಜಿಪ್ಸಿಗಳ ಆಡುಮಾತಿನಲ್ಲಿ ನೀರಿಗೆ ಇಂದಿಗೂ 'ಪಾನ್ಯಿ' ಎಂಬ ಪದ ಉಳಿದಿದೆ. 1425ರಲ್ಲಿ ಅರಗಾನ್ ದೊರೆ ಇವರ ಒಂದು ತಂಡಕ್ಕೆ ರಹದಾರಿ ಪತ್ರ ಕೊಟ್ಟದ್ದು ಸ್ಪೇನಿನಲ್ಲಿ ಇವರ ಬಗ್ಗೆ ಸಿಗುವ ಮೊದಲ ದಾಖಲೆ. ಮುಂದಿನ ಶತಮಾನಗಳಲ್ಲಿ ದೊರೆತನ ಇವರ ಭಾಷೆ, ಉಡುಪು, ಅಲೆಮಾರಿ ಬದುಕುಗಳನ್ನು ನಿಷೇಧಿಸುತ್ತ ಬಂತು. 1749ರಲ್ಲಿ ದೇಶದ ಜಿಪ್ಸಿಗಳನ್ನೆಲ್ಲ ಒಂದೇ ಏಟಿಗೆ ಸೆರೆಹಿಡಿಯುವ ಆಜ್ಞೆಯೂ ಹೊರಟಿತ್ತು. ಹಾಗೆಂದು ಫ್ಲಮೆಂಕೊವನ್ನು ಭಾರತದಿಂದ ಗಂಟು ಕಟ್ಟಿ ಒಯ್ದ ಸಂಗೀತವೆನ್ನುವುದು ಅವಸರದ ಮಾತಾದೀತು. ಅದು ಆಂದಲೂಸಿಯಾದ ಮಣ್ಣಿನಲ್ಲಿ, ಅಲ್ಲಿನ ಹಳ್ಳಿಗರ ಪದಗಳು, ಜಿಪ್ಸಿಗಳ ಕಂಠ, ಅಟ್ಲಾಂಟಿಕ್ ಸಾಗರದಾಚೆಯ ಲಯಗಳು ಕೂಡಿ ಬೆಳೆದದ್ದು.

ಬೆಳೆದ ಜಾಗಗಳು ಯಾವುವು? ಒಂದು, ವಠಾರದ ಅಂಗಳ. ಹೆರೆಸ್‌ನ ಸಾಂತಿಯಾಗೊ ಮತ್ತು ಸಾನ್ ಮಿಗೆಲ್ ಕೇರಿಗಳಲ್ಲಿ, ಸೆವಿಲ್ ನಗರದ ನದಿಯಾಚೆಯ ತ್ರಿಯಾನಾದಲ್ಲಿ ಬಡ ಸಂಸಾರಗಳು ಒಂದೊಂದು ಕೋಣೆಯಲ್ಲಿ ಬಾಳುತ್ತಿದ್ದವು. ನೀರು, ಒಲೆ, ನಡುವಣ ಅಂಗಳ ಎಲ್ಲರಿಗೂ ಸೇರಿದ್ದು. ಒಂದು ಮನೆಯ ಮದುವೆ ಇಡೀ ವಠಾರದ ಮದುವೆ. ಎರಡು, ಹೆರೆಸ್ ಸುತ್ತಲಿನ ದೊಡ್ಡ ಜಮೀನುಗಳಲ್ಲಿ ಕೂಲಿಗಳು ಮಲಗುತ್ತಿದ್ದ ಕೊಟ್ಟಿಗೆಯಂಥ ವಸತಿಗಳು. ಬೆಳಗಿನಿಂದ ಬೈಗಿನವರೆಗೆ ದುಡಿದ ಗಂಡಸರು, ಹೆಂಗಸರು, ಮಕ್ಕಳು ರಾತ್ರಿ ಅಲ್ಲಿ ಸೇರಿ ಹಾಡುತ್ತಿದ್ದರು. ಮೂರು, ಕಮ್ಮಾರಸಾಲೆ. ನಾಲ್ಕು, ಕಸಾಯಿಖಾನೆ. ಕಾದಿಸ್ ಬಂದರಿನ ಹತ್ತೊಂಬತ್ತನೆಯ ಶತಮಾನದ ಮಹಾನ್ ಹಾಡುಗಾರ ಎನ್ರಿಕೆ ಎಲ್ ಮೆಯಿಸೊ ಕಸಾಯಿಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು.

ಮದುವೆಗೆಂದೇ ಮೀಸಲಾದ ಹಾಡುಗಳೂ ಇವೆ. ಮದುಮಗಳನ್ನು ಹರಸುವ 'ಆಲ್ಬೊರೆಯಾ' ಅಂಥದ್ದು. ಅದನ್ನು ಮದುವೆ ಮನೆಯ ಹೊರಗೆ ಹಾಡಿದರೆ ಕೇಡು ತಟ್ಟುತ್ತದೆಂಬ ನಂಬಿಕೆ ಜಿಪ್ಸಿ ಸಂಸಾರಗಳಲ್ಲಿ ಗಟ್ಟಿಯಾಗಿತ್ತು. ಆಮೇಲೆ ಅದೂ ರೆಕಾರ್ಡಾಯಿತು, ಆ ಮಾತು ಬೇರೆ. ಹೆರೆಸ್‌ನಲ್ಲಿ ಕ್ರಿಸ್‌ಮಸ್ ಬಂತೆಂದರೆ 'ಸಾಂಬೊಂಬಾ' ಕೂಟಗಳು. ಮಡಕೆಯ ಬಾಯಿಗೆ ಚರ್ಮ ಬಿಗಿದು ನಡುವೆ ಸಿಕ್ಕಿಸಿದ ಕಡ್ಡಿಯನ್ನು ಒದ್ದೆ ಕೈಯಲ್ಲಿ ಉಜ್ಜಿದರೆ ಗುಂಯ್ ಎನ್ನುವ ವಾದ್ಯವೇ ಸಾಂಬೊಂಬಾ. ಅಂಗಳದಲ್ಲಿ ಬೆಂಕಿ ಹಾಕಿ, ಬಾಲಯೇಸುವಿನ ಪದಗಳನ್ನು ಬುಲೆರಿಯಾದ ತಾಳಕ್ಕೆ ಕೂರಿಸಿ, ಬೆಳಗಾಗುವವರೆಗೆ ಹಾಡುವ ಪದ್ಧತಿ.

ಹೀಗಿರುವಾಗ ಪಾಠ ಎಂಬುದು ಎಲ್ಲಿಂದ ಬರಬೇಕು? ಮಗು ತಾಯಿಯ ಸೊಂಟದ ಮೇಲೆ ಕುಳಿತೇ ಕಲಿಯುತ್ತದೆ. ಇಪ್ಪತ್ತನೆಯ ಶತಮಾನದ ಫ್ಲಮೆಂಕೊದ ದೊಡ್ಡ ಹೆಸರಾದ ಕಾಮರೋನ್ (1950–1992) ಕಮ್ಮಾರನ ಮಗ. ತಾಯಿ ಹುವಾನಾ ಮನೆಯಲ್ಲಿ ಸೊಗಸಾಗಿ ಹಾಡುತ್ತಿದ್ದವರು, ಹಾಡುಗಾರಿಕೆಯನ್ನು ವೃತ್ತಿ ಮಾಡಿಕೊಂಡವರಲ್ಲ. ಜಗತ್ತು ಕೊಂಡ ರೆಕಾರ್ಡುಗಳ ಹಿಂದೆ ಎಂದೂ ರೆಕಾರ್ಡಾಗದ ಇಂಥ ಒಂದು ಕಂಠವಿದೆ.

ಕಾಸು ಕೊಟ್ಟವನ ಇರುಳು

ಹಬ್ಬದ ಹಾಡಿಗೆ ಇನ್ನೊಂದು ಮುಖವೂ ಉಂಟು, ಅದು ಅಷ್ಟು ಚೆಲುವಾದುದಲ್ಲ. ತಮಗಾಗಿ ಹಾಡಿಕೊಳ್ಳುವ ಕೂಟ ಒಂದಾದರೆ, ಹಣವಂತನೊಬ್ಬ ಕಾಸು ಕೊಟ್ಟು ಹಾಡಿಸುವ ಕೂಟ ಇನ್ನೊಂದು. ಅದಕ್ಕೆ 'ಹುಯೆರ್ಗಾ' ಎನ್ನುತ್ತಾರೆ. ಜಮೀನ್ದಾರನ ಮಗ, ಗೂಳಿಕಾಳಗದ ಪಟು, ಮದ್ಯದ ವ್ಯಾಪಾರಿ, ಇಂಥವರು ಊರಾಚೆಯ ಹೆದ್ದಾರಿ ಹೋಟೆಲಿನ ಹಿಂಬದಿ ಕೋಣೆಯನ್ನು ಹಿಡಿದು ಎರಡು ಮೂರು ಹಾಡುಗಾರರನ್ನೂ ಒಬ್ಬ ಗಿಟಾರಿನವನನ್ನೂ ಕರೆಸುತ್ತಿದ್ದರು. ರಾತ್ರಿ ಎಷ್ಟು ಹೊತ್ತು, ಕೂಲಿ ಎಷ್ಟು ಎಂಬುದಕ್ಕೆ ಕರಾರಿಲ್ಲ. ಧಣಿಯ ಮನಸ್ಸಿಗೆ ಬಂದಷ್ಟು. 1936ರಿಂದ 1939ರವರೆಗಿನ ಅಂತರ್ಯುದ್ಧದ ನಂತರ ಆಂದಲೂಸಿಯಾದಲ್ಲಿ ಹಸಿವಿನ ವರ್ಷಗಳು ಬಂದವು. ಆಗ ಸೆವಿಲ್‌ನ ಅಲಮೇದಾ ದೆ ಎರ್ಕುಲೆಸ್ ಚೌಕದ ಸುತ್ತಲಿನ ಪಾನಗೃಹಗಳಲ್ಲಿ ಹಾಡುಗಾರರು ಯಾರಾದರೂ ಕರೆದಾರೇ ಎಂದು ರಾತ್ರಿಯಿಡೀ ಕಾದು ಕೂರುತ್ತಿದ್ದರು. ಕರೆ ಬಂದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಕುಡಿದವನ ಮುಂದೆ ನಗುವುದು, ನಗಿಸುವುದು ಆಗ ಹೊಟ್ಟೆಪಾಡಾಯಿತು. ಹಬ್ಬದ ಹಾಡುಗಾರನ ಹಾಸ್ಯವನ್ನು ಕೆಲವು ವಿಮರ್ಶಕರು ಕೀಳಾಗಿ ಕಂಡದ್ದಕ್ಕೆ ಈ ನೆನಪೂ ಒಂದು ಕಾರಣ. ಗಂಭೀರ ಕಲಾವಿದನೆಂದರೆ ಧಣಿಯ ಮುಂದೆ ಹಲ್ಲುಕಿರಿಯದವನು ಎಂಬ ಭಾವನೆ ಬೆಳೆಯಿತು. ಆದರೆ ಅದೇ ಹಾಡುಗಾರ ಧಣಿ ಕೊಟ್ಟ ದುಡ್ಡನ್ನು ಜೇಬಿಗೆ ಹಾಕಿಕೊಂಡು ಬೆಳಗಿನ ಜಾವ ಕೇರಿಗೆ ಮರಳಿ, ತನ್ನವರ ನಡುವೆ ಮತ್ತೆ ಹಾಡುತ್ತಿದ್ದ. ಆ ಎರಡನೆಯ ಹಾಡನ್ನು ಕೇಳಿದವರು ಮಾತ್ರ ಅವನ ನಿಜವಾದ ಬೆಲೆ ಬಲ್ಲವರಾಗಿದ್ದರು.

ಹೆಣ್ಣುಮಕ್ಕಳ ಕಥೆ ಇನ್ನೂ ಬಿಗಿ. ಮನೆಯ ಹಬ್ಬದಲ್ಲಿ ಹಾಡಲು ಅಡ್ಡಿಯಿಲ್ಲ, ಹೊರಗೆ ಹಾಡಿದರೆ ಮರ್ಯಾದೆ ಹೋಯಿತು. ಹೆರೆಸ್‌ನ ತಿಯಾ ಅನಿಕಾ ಲಾ ಪಿರಿನ್ಯಾಕಾ (1899–1987) ಹೊಲದ ಕೂಲಿ ಮಾಡಿ ಬದುಕಿದ ಹೆಂಗಸು. ಗಂಡ ಬದುಕಿರುವವರೆಗೆ ಹೊರಗಿನವರೆದುರು ಹಾಡಲು ಅಪ್ಪಣೆಯಿರಲಿಲ್ಲ. ವಿಧವೆಯಾದ ಮೇಲೆಯೇ ಜನ ಆಕೆಯ ಕಂಠ ಕೇಳಿದ್ದು. ಮನಸ್ಸಿಟ್ಟು ಹಾಡಿದಾಗ ಬಾಯಲ್ಲಿ ರಕ್ತದ ರುಚಿ ಬರುತ್ತದೆ ಎಂಬರ್ಥದ ಆಕೆಯ ಮಾತು ಫ್ಲಮೆಂಕೊ ಲೋಕದಲ್ಲಿ ಗಾದೆಯಂತೆ ಉಳಿದಿದೆ. ಮನೆಯೊಳಗಿನ ಹಾಡೆಂದರೆ ಬರೀ ತಮಾಷೆಯೆಂದು ತಿಳಿದವರಿಗೆ ಈ ಒಂದು ಮಾತು ಸಾಕು.

ಹಿರಿದು, ಕಿರಿದು

ಫ್ಲಮೆಂಕೊ ಹಾಡುಗಳನ್ನು 'ಹಿರಿಯ ಹಾಡು', 'ಕಿರಿಯ ಹಾಡು' ಎಂದು ವಿಂಗಡಿಸುವ ರೂಢಿ ಹಳೆಯದು. ಸಿಗಿರಿಯಾ, ಸೊಲೆಯಾ ಮೊದಲಾದ ನೋವಿನ ಹಾಡುಗಳು ಹಿರಿಯವು. ಬುಲೆರಿಯಾ, ತಾಂಗೊ ಕಿರಿಯವು. 1922ರ ಜೂನ್ ತಿಂಗಳಲ್ಲಿ ಗ್ರಾನಡಾದ ಅಲ್‌ಹಂಬ್ರಾ ಅರಮನೆಯ ಆವರಣದಲ್ಲಿ ಸಂಗೀತಗಾರ ಮಾನುವೆಲ್ ದೆ ಫಾಯಾ, ಆಗಿನ್ನೂ ತರುಣರಾಗಿದ್ದ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಮುಂತಾದವರು ಸೇರಿ ಒಂದು ಸ್ಪರ್ಧೆ ನಡೆಸಿದರು. ನಾಟಕಗೃಹಗಳಲ್ಲಿ ಹಾಡು ಕೆಟ್ಟುಹೋಗುತ್ತಿದೆ, ಅದರ ಶುದ್ಧ ರೂಪವನ್ನು ಹಳ್ಳಿಯ ಜನರಲ್ಲಿ ಹುಡುಕಬೇಕು ಎಂಬುದು ಅವರ ಆಸೆ. ಇಪ್ಪತ್ತೊಂದು ವರ್ಷ ದಾಟಿದ ವೃತ್ತಿಗಾಯಕರಿಗೆ ಸ್ಪರ್ಧೆಯಲ್ಲಿ ಪ್ರವೇಶವಿರಲಿಲ್ಲ. ಬಹುಮಾನ ಬಂದದ್ದು ಎಲ್ ತೆನಾಸಾಸ್ ಎಂಬ ಮುದುಕರಿಗೆ, ಮತ್ತು ಮುಂದೆ ಮನೋಲೊ ಕಾರಕೋಲ್ ಎಂದು ಹೆಸರಾದ ಪುಟ್ಟ ಹುಡುಗನಿಗೆ.

ವಿಚಿತ್ರವೆಂದರೆ, ವೃತ್ತಿಗಾಯಕರಲ್ಲದವರನ್ನು ಹುಡುಕಿ ಹೊರಟ ಈ ಹಿರಿಯರಿಗೂ ಹಬ್ಬದ ಹಾಡು ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಪುರಾತನ ದುಃಖ. ಜನಸಾಮಾನ್ಯ ಹಾಡಬೇಕು, ಆದರೆ ನಗಬಾರದು!

ನಲವತ್ತು ವರ್ಷಗಳ ನಂತರ ಈ ವಾದಕ್ಕೆ ಇನ್ನಷ್ಟು ಬಲ ಬಂದದ್ದು ಅಂತೋನಿಯೊ ಮೈರೆನಾ (1909–1983) ಅವರಿಂದ. 1962ರಲ್ಲಿ ಕೊರ್ದೊಬಾದಲ್ಲಿ ಹಾಡಿನ ಚಿನ್ನದ ಕೀಲಿಕೈ ಪಡೆದ ಅವರು, ಮರುವರ್ಷ ಕವಿ ರಿಕಾರ್ದೊ ಮೊಲಿನಾ ಜೊತೆಗೂಡಿ ಬರೆದ ಗ್ರಂಥ ಫ್ಲಮೆಂಕೊಪ್ರಿಯರಿಗೆ ದಶಕಗಳ ಕಾಲ ಧರ್ಮಗ್ರಂಥದಂತಿತ್ತು. ಹಾಡು ಮೊದಲು ಜಿಪ್ಸಿ ಸಂಸಾರಗಳ ಒಳಗೆ ಹೊರಗಿನವರ ಕಿವಿಗೆ ಬೀಳದಂತೆ ಬೆಳೆಯಿತೆಂಬುದು ಅವರ ನಿಲುವು. ಇದಕ್ಕೆ ಎದುರಾಗಿ, ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳನ್ನು ಜಾಲಾಡಿದ ಹೊಸ ಸಂಶೋಧಕರು ಬೇರೊಂದು ಚಿತ್ರ ಬಿಡಿಸಿದರು. ಸೆವಿಲ್‌ನ ಹಳೆಯ ಪತ್ರಿಕೆಗಳನ್ನಾಧರಿಸಿ ಹೊಸೆ ಲೂಯಿಸ್ ಓರ್ತಿಸ್ ನುಯೆವೊ 1990ರಲ್ಲಿ ಹೊರತಂದ ಪುಸ್ತಕ ಈ ದಾರಿಯಲ್ಲಿ ಮುಖ್ಯವಾದದ್ದು. ಈ ಸಂಶೋಧಕರ ಪ್ರಕಾರ ನಾಟಕಗೃಹಗಳು, ನೃತ್ಯಶಾಲೆಗಳು, ಸಿಲ್ವೆರಿಯೊ ಫ್ರಾಂಕೊನೆತ್ತಿಯಂಥ ವೃತ್ತಿಗಾಯಕರು 1880ರ ದಶಕದಲ್ಲಿ ನಡೆಸುತ್ತಿದ್ದ ಹಾಡಿನ ಕೆಫೆಗಳು ಇಲ್ಲದಿದ್ದರೆ ಇಂದಿನ ಫ್ಲಮೆಂಕೊ ಇರುತ್ತಲೇ ಇರಲಿಲ್ಲ.

ಎರಡು ವಾದಗಳಲ್ಲೂ ಹುರುಳಿದೆ. ವೃತ್ತಿಗಾಯಕ ರೂಪ ಕಟ್ಟಿದ, ಉದ್ದ ಅಗಲ ಕೊಟ್ಟ, ಊರೂರಿಗೆ ಒಯ್ದ. ಮನೆಯ ಹಾಡುಗಾರ ಅದಕ್ಕೆ ಉಸಿರಾಡುವ ನೆಲ ಒದಗಿಸಿದ. ವೇದಿಕೆಯ ಮೇಲೆ ಹಾಡಿದವರು ತಾಳದ ಮೊದಲ ಪಾಠ ಕಲಿತದ್ದು ಈ ನೆಲದಲ್ಲೇ, ಮತ್ತು ಅವರು ತಪ್ಪಿದಾಗ ತಪ್ಪಿದರೆಂದು ಹೇಳಬಲ್ಲ ಕಿವಿಗಳು ಇದ್ದುದೂ ಇಲ್ಲೇ. ಸಿಡಿಲಿನಂಥ ಸಿಗಿರಿಯಾ ಹಾಡುತ್ತಿದ್ದ ತೆರ್ರೆಮೋತೊ ದೆ ಹೆರೆಸ್ (1934–1981) ಮೊದಲು ಕುಣಿತದಿಂದ ಬಂದವರು. ಮೈರೆನಾ ಕೂಡ ವರ್ಷಗಟ್ಟಲೆ ನರ್ತಕರಿಗೆ ಹಿಂದೆ ನಿಂತು ಹಾಡಿದವರೇ. ಹಿರಿದರ ಬೇರು ಕಿರಿದರಲ್ಲಿ ಇದ್ದುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಾಲ್ಕೈದು ಮುಖಗಳು

ಕಾದಿಸ್ ಊರಿನ ಇಗ್ನಾಸಿಯೊ ಎಸ್ಪೆಲೆತಾ ಈ ಬಳಗದ ಹಿರಿಯಜ್ಜ ಎನ್ನಬಹುದು. ಕಾದಿಸ್‌ನ 'ಅಲೆಗ್ರಿಯಾ' ಹಾಡು ಇಂದು ಅರ್ಥವಿಲ್ಲದ 'ತಿರಿತಿತ್ರಾನ್' ಎಂಬ ಸದ್ದಿನಿಂದ ಶುರುವಾಗುತ್ತದೆ. ಒಮ್ಮೆ ಪದ ಮರೆತುಹೋದಾಗ ಎಸ್ಪೆಲೆತಾ ಬಾಯಿಗೆ ಬಂದಂತೆ ಹೀಗೆ ಹಾಡಿ ತಾಳ ಕಾಪಾಡಿಕೊಂಡರು, ಅದೇ ಸಂಪ್ರದಾಯವಾಯಿತು ಎಂದು ಅಲ್ಲಿನವರು ಕಥೆ ಹೇಳುತ್ತಾರೆ. ಲೋರ್ಕಾ 1933ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಇವರನ್ನು ನೆನೆದಿದ್ದಾರೆ. ಯಾಕೆ ಕೆಲಸ ಮಾಡುವುದಿಲ್ಲ ಎಂದು ಕೇಳಿದವರಿಗೆ, ಕಾದಿಸ್‌ನವನಾದ ತನಗೆ ಎಲ್ಲಿಯ ಕೆಲಸ ಎಂಬರ್ಥದ ಉತ್ತರ ಕೊಟ್ಟರಂತೆ.

ಕಾದಿಸ್ ಕೊಲ್ಲಿಯ ಆಚೆ ದಡದ ಎಲ್ ಪುಯೆರ್ತೊ ಪಟ್ಟಣದ ಆನ್ಸೊನಿನಿ ವೃತ್ತಿಯಲ್ಲಿ ಕಟುಕರು. ಒಪ್ಪವಾದ ಸೂಟು, ಕುತ್ತಿಗೆಗೆ ಕರವಸ್ತ್ರ. ಕೈ ತುಸು ಮೇಲೆತ್ತಿ ಒಂದು ಹೆಜ್ಜೆ ಇಟ್ಟರೆಂದರೆ ಕೋಣೆ ತುಂಬಿದಂತಾಗುತ್ತಿತ್ತು. ಮೊರೋನ್ ದೆ ಲಾ ಫ್ರೊಂತೆರಾ ಎಂಬ ಸಣ್ಣ ಊರಿನಲ್ಲಿ ಗಿಟಾರು ನುಡಿಸುತ್ತಿದ್ದ ದಿಯೆಗೊ ದೆಲ್ ಗಾಸ್ತೋರ್ ಅವರ ಸುತ್ತ ಸೇರುತ್ತಿದ್ದ ಕೂಟಗಳಲ್ಲಿ ಇವರೂ ಒಬ್ಬರು. ದಿಯೆಗೊ ಊರು ಬಿಟ್ಟು ಹೋಗಲು ಒಪ್ಪದವರು, ವೃತ್ತಿಜೀವನದ ಹಂಗು ಬೇಡವೆಂದವರು. 1973ರಲ್ಲಿ ಅವರು ತೀರಿಕೊಂಡಾಗ ಬಿಟ್ಟುಹೋದ ಧ್ವನಿಮುದ್ರಣಗಳಲ್ಲಿ ಹೆಚ್ಚಿನವು ಕೂಟಗಳಲ್ಲಿ ಯಾರೋ ಹಿಡಿದಿಟ್ಟ ಟೇಪುಗಳು. 1960ರ ದಶಕದಲ್ಲಿ ಅಮೆರಿಕದ ಡಾನ್ ಪೋರೆನ್ ಮೊರೋನ್ ಬಳಿ ಒಂದು ತೋಟದ ಮನೆ ಹಿಡಿದು ವಿದೇಶಿ ಆಸಕ್ತರನ್ನು ಅಲ್ಲಿಗೆ ಕರೆತಂದರು. ಗಿಟಾರು ಕಲಿಯಲು ಬಂದ ಅಮೆರಿಕದ ಹುಡುಗರು ಕಟುಕನ ಹಾಡಿಗೆ ಮನಸೋತರು. ಮುಂದೆ ಆನ್ಸೊನಿನಿಯೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬುಲೆರಿಯಾ ಕಲಿಸಿದರು! ತಮ್ಮ ಊರಿನಾಚೆ ಹೆಸರೇ ಇಲ್ಲದಿದ್ದ ಹಾಡುಗಾರನಿಗೆ ಸಾಗರದಾಚೆ ಶಿಷ್ಯರು ಸಿಕ್ಕಿದರು.

ಉತ್ರೆರಾ ಊರಿನ ಅಕ್ಕತಂಗಿಯರಾದ ಫೆರ್ನಾಂದಾ (1923–2006) ಮತ್ತು ಬೆರ್ನಾರ್ದಾ (1927–2009) ಅವರದು ಈ ವಾದವನ್ನೇ ಒಂದು ಮನೆಯೊಳಗೆ ತೋರಿಸುವ ಉದಾಹರಣೆ. ಅಕ್ಕ ಸೊಲೆಯಾದ ರಾಣಿ, ತಂಗಿ ಬುಲೆರಿಯಾದ ಒಡತಿ. ಮನೆಯ ಹಬ್ಬಗಳಲ್ಲಷ್ಟೇ ಹಾಡಿಕೊಂಡಿದ್ದ ಇವರು ಎಡ್ಗರ್ ನೆವಿಲ್ ಅವರ 1952ರ ಫ್ಲಮೆಂಕೊ ಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ನಾಡಿಗೆ ಪರಿಚಿತರಾದರು. ರೇಡಿಯೊದಲ್ಲಿ ಬರುವ ಜನಪ್ರಿಯ ಹಾಡನ್ನು ಎತ್ತಿಕೊಂಡು ಹನ್ನೆರಡರ ತಾಳಕ್ಕೆ ಬಗ್ಗಿಸಿ ಹಾಡುವುದರಲ್ಲಿ ಬೆರ್ನಾರ್ದಾ ಅವರನ್ನು ಮೀರಿಸುವವರಿರಲಿಲ್ಲ. ಪಂಡಿತರು ಹಗುರವೆಂದ ಹಾಡು ಆಕೆಯ ಬಾಯಲ್ಲಿ ಅಳು ಬರಿಸುತ್ತಿತ್ತು.

ಹೆರೆಸ್‌ನ ಸಾಂತಿಯಾಗೊ ಕೇರಿಯ ಲೂಯಿಸ್ ದೆ ಲಾ ಪಿಕಾ 1999ರಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಣಗಳು ಬೆರಳೆಣಿಕೆಯಷ್ಟು. ಆದರೂ ಆ ಊರಿನ ಹಾಡುಗಾರರು ಇಂದಿಗೂ ಅವರ ಹೆಸರನ್ನು ಗೌರವದಿಂದ ಎತ್ತುತ್ತಾರೆ, ಅವರ ಪದಗಳನ್ನು ಹಾಡುತ್ತಾರೆ. ಹಬ್ಬದ ಹಾಡುಗಾರನ ಕೀರ್ತಿ ಹೀಗೆ ಇನ್ನೊಬ್ಬರ ಬಾಯಲ್ಲಿ ಬದುಕುತ್ತದೆ.

ಖಾಲಿಯಾದ ಕೇರಿ

ಅಂಗಳವೇ ಹೋದರೆ ಅಂಗಳದ ಹಾಡು ಏನಾದೀತು? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ತ್ರಿಯಾನಾ. ಸೆವಿಲ್ ನಗರದ ಈ ಕೇರಿಯ ಒಂದು ಉದ್ದನೆಯ ಬೀದಿ ತಲೆಮಾರುಗಳಿಂದ ಜಿಪ್ಸಿ ಕಮ್ಮಾರರದ್ದಾಗಿತ್ತು. 1950ರ ದಶಕದ ಕೊನೆಯಿಂದ ನಗರದ ಬೆಳವಣಿಗೆಯ ಹೆಸರಿನಲ್ಲಿ ಅವರನ್ನು ಎಬ್ಬಿಸಲಾಯಿತು. ನದಿದಂಡೆಯ ಜಾಗಕ್ಕೆ ಬೆಲೆ ಬಂದಿತ್ತು. ಸಂಸಾರಗಳು ನಗರದ ಅಂಚಿನ ಬಹುಮಹಡಿ ವಸತಿಗಳಿಗೆ ಚದುರಿಹೋದವು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ರಾತ್ರಿ ಹನ್ನೆರಡಕ್ಕೆ ಚಪ್ಪಾಳೆ ತಟ್ಟಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ನೂರಾರು ವರ್ಷಗಳ ಕಾಲ ರಾಜಾಜ್ಞೆಗಳಿಂದ ಆಗದ ಕೆಲಸವನ್ನು ಹೊಸ ನಗರ ಯೋಜನೆ ಕೆಲವೇ ವರ್ಷಗಳಲ್ಲಿ ಮಾಡಿ ಮುಗಿಸಿತು.

1983ರಲ್ಲಿ ಹೀಗೆ ಚದುರಿದವರನ್ನು ಒಮ್ಮೆ ಒಟ್ಟು ಸೇರಿಸಲಾಯಿತು. ಸೆವಿಲ್‌ನ ಲೋಪೆ ದೆ ವೇಗಾ ರಂಗಮಂದಿರದ ವೇದಿಕೆಯ ಮೇಲೆ ಹಳೆಯ ತ್ರಿಯಾನಾದ ಮುದುಕ ಮುದುಕಿಯರು ಬಂದು ನಿಂತರು. ಅವರಲ್ಲಿ ಬಹುಪಾಲು ಮಂದಿ ವೇದಿಕೆ ಹತ್ತಿ ಅಭ್ಯಾಸವಿಲ್ಲದವರು. ಮನೆಯಂಗಳದಲ್ಲಿ ಹೇಗೆ ಹಾಡಿ ಕುಣಿಯುತ್ತಿದ್ದರೋ ಹಾಗೆಯೇ ಹಾಡಿದರು, ಕುಣಿದರು. ನರ್ತನಶಾಲೆಯ ಯಾವ ಪಾಠಕ್ಕೂ ಸಿಗದ ಹೆಜ್ಜೆಗಳು, ಹಾಸ್ಯ, ತುಂಟತನ ಎಲ್ಲ ಆ ರಾತ್ರಿ ಕ್ಯಾಮೆರಾದಲ್ಲಿ ಸೆರೆಯಾದವು. ಕಾಮರೋನ್ ಅವರ ಹೆಸರಾಂತ ಧ್ವನಿಮುದ್ರಿಕೆಗಳ ನಿರ್ಮಾಪಕ ರಿಕಾರ್ದೊ ಪಚೋನ್ ಆ ದೃಶ್ಯಗಳನ್ನು ಜೋಪಾನ ಮಾಡಿ, ಮೂವತ್ತು ವರ್ಷಗಳ ನಂತರ, 2013ರಲ್ಲಿ, 'ತ್ರಿಯಾನಾ ಪೂರಾ ಇ ಪೂರಾ' ಎಂಬ ಸಾಕ್ಷ್ಯಚಿತ್ರವಾಗಿ ಹೊರತಂದರು. ಅದನ್ನು ನೋಡಿದವರಿಗೆ ಒಂದು ಕೇರಿ ಏನನ್ನು ಕಳೆದುಕೊಂಡಿತು ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಈ ನಡುವೆ ಒಂದು ತಮಾಷೆಯೂ ನಡೆಯಿತು. 'ತ್ರಿಯಾನಾ ಪೂರಾ' ಎಂಬ ಹೆಸರಿನಲ್ಲಿ ಸೇರಿದ ಅದೇ ಕೇರಿಯ ವಯೋವೃದ್ಧರ ತಂಡವೊಂದು ಹಾಡಿದ 'ಎಲ್ ಪ್ರೋಬೆ ಮಿಗೆಲ್' ಎಂಬ ಹಾಡು 1998ರ ಬೇಸಿಗೆಯಲ್ಲಿ ಸ್ಪೇನಿನಾದ್ಯಂತ ಮನೆಮಾತಾಯಿತು. ಪಾಪ್ ತಾರೆಗಳ ನಡುವೆ ಸುಕ್ಕುಗಟ್ಟಿದ ಮುಖಗಳು ಟೀವಿ ಪರದೆ ತುಂಬಿದವು. ಬದುಕಿನ ಸಂಜೆಯಲ್ಲಿ ಬಂದ ಈ ಪ್ರಸಿದ್ಧಿ ನೆಲ ಕಳೆದುಕೊಂಡವರಿಗೆ ನೆಲ ಕೊಡಲಿಲ್ಲವೆಂಬುದು ನಿಜ. ಆದರೆ ಆ ಹಾಡು ಇನ್ನೂ ಸತ್ತಿಲ್ಲವೆಂದು ಊರಿಗೆಲ್ಲ ತಿಳಿಯಿತು.

ವೇದಿಕೆಯ ಮೇಲೊಂದು ಮನೆ

ಹಬ್ಬದ ಹಾಡನ್ನು ವೇದಿಕೆಗೆ ತರುವ ಪ್ರಯತ್ನಗಳು ಬೇರೆಯೂ ನಡೆದವು. 1957ರಲ್ಲಿ ಉತ್ರೆರಾ ಊರಿನಲ್ಲಿ ಶುರುವಾದ ಜಿಪ್ಸಿಗಳ ಊಟದ ಕೂಟ ಬೆಳೆದು ಆಂದಲೂಸಿಯಾದ ಬೇಸಿಗೆ ಹಾಡಿನ ಉತ್ಸವಗಳಿಗೆ ಮೇಲ್ಪಂಕ್ತಿಯಾಯಿತು. ಮೊರೋನ್, ಲೆಬ್ರಿಹಾ ಊರುಗಳಲ್ಲೂ ಉತ್ಸವಗಳು ಹುಟ್ಟಿದವು. 1967ರಲ್ಲಿ ಹೆರೆಸ್ ಬುಲೆರಿಯಾಕ್ಕಾಗಿಯೇ ಒಂದು ಉತ್ಸವ ಆರಂಭಿಸಿತು. ಇಂಥ ಉತ್ಸವಗಳ ಕೊನೆಗೆ ಎಲ್ಲ ಕಲಾವಿದರೂ ಮೈಕನ್ನು ಬದಿಗಿಟ್ಟು ವೇದಿಕೆಯ ಅಂಚಿಗೆ ಬಂದು ಒಬ್ಬೊಬ್ಬರಾಗಿ ಬುಲೆರಿಯಾ ಹಾಡಿ ನಾಲ್ಕು ಹೆಜ್ಜೆ ಹಾಕುವ ಪದ್ಧತಿಯಿದೆ. ಗಿಟಾರಿನವನೂ ಗಿಟಾರು ಕೆಳಗಿಟ್ಟು ಕುಣಿಯುತ್ತಾನೆ. ಎಷ್ಟೋ ಪ್ರೇಕ್ಷಕರು ಆ ಹತ್ತು ನಿಮಿಷಕ್ಕಾಗಿ ಬೆಳಗಿನ ಜಾವದವರೆಗೂ ಕಾಯುತ್ತಾರೆ.

1971ರಿಂದ 1973ರವರೆಗೆ ಸ್ಪೇನಿನ ಸರ್ಕಾರಿ ದೂರದರ್ಶನ ಪ್ರಸಾರ ಮಾಡಿದ ಹಾಡಿನ ಸಾಕ್ಷ್ಯಚಿತ್ರ ಮಾಲಿಕೆ ಈ ಪರಂಪರೆಗೆ ಮಾಡಿದ ಉಪಕಾರ ಸಣ್ಣದಲ್ಲ. 'ರಿತೊ ಇ ಹಿಯೊಗ್ರಫಿಯಾ ದೆಲ್ ಕಾಂತೆ' ಎಂಬ ಆ ಮಾಲಿಕೆಯ ತಂಡ ಸ್ಟುಡಿಯೊದಲ್ಲಿ ಕೂರದೆ ಮನೆಗಳಿಗೆ, ಪಾನಗೃಹಗಳಿಗೆ, ಕಮ್ಮಾರಸಾಲೆಗಳಿಗೆ ಕ್ಯಾಮೆರಾ ಹೊತ್ತು ಹೋಯಿತು. ಸುಮಾರು ನೂರು ಕಂತುಗಳಲ್ಲಿ ಹಿರಿಯ ಹೆಸರುಗಳ ಜೊತೆಗೆ ಕೇರಿಯ ಅಜ್ಜಿಯರೂ ಉಳಿದುಕೊಂಡಿದ್ದಾರೆ.

ಲೆಬ್ರಿಹಾದ ಗಿಟಾರುವಾದಕ ಪೆದ್ರೊ ಬಕಾನ್ (1951–1997) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ವಂಶದ ಹಿರಿಯ ಪಿನಿನಿಯ ಹೆಸರಿನಲ್ಲಿ ಅಕ್ಕತಂಗಿ ಬಂಧುಬಳಗವನ್ನೇ ತಂಡ ಮಾಡಿ, ಮನೆಯ ಕೂಟವನ್ನು ಇದ್ದಂತೆಯೇ ಪರದೇಶದ ರಂಗಮಂದಿರಗಳಿಗೆ ಒಯ್ದರು. ಅಲ್ಲಿಯವರೆಗೆ ಮನೆಯಾಚೆ ಹಾಡದಿದ್ದ ತಂಗಿ ಇನೆಸ್ ಬಕಾನ್ ನಡುವಯಸ್ಸಿನಲ್ಲಿ ಹಾಡಲು ನಿಂತು ಹೆಸರಾದರು. ಕೂಟದ ಜೀವಾಳವಾಗಿದ್ದ ಮಿಗೆಲ್ ಎಲ್ ಫೂನಿ ಹಾಡುತ್ತ ಹಾಡುತ್ತ ಕೋಟಿನ ಅಂಚು ಹಿಡಿದು ತಿರುಗಿ ನಿಲ್ಲುವ ಒಂದು ಭಂಗಿಗೆ ಸಭೆ ಎದ್ದು ನಿಲ್ಲುತ್ತಿತ್ತು. 1997ರಲ್ಲಿ ರಸ್ತೆ ಅಪಘಾತದಲ್ಲಿ ಪೆದ್ರೊ ತೀರಿಕೊಂಡಾಗ ಆ ಪ್ರಯೋಗಕ್ಕೆ ದೊಡ್ಡ ಪೆಟ್ಟು ಬಿತ್ತು.

ವೇದಿಕೆಗೆ ಬಂದ ಮೇಲೆ ಅದು ಹಬ್ಬವಾಗಿ ಉಳಿಯುತ್ತದೆಯೇ ಎಂಬ ಆಕ್ಷೇಪವೂ ಇದೆ. ಎಂಟಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯಬೇಕಾದ ಕಾರ್ಯಕ್ರಮದಲ್ಲಿ, ಬೆಳಗಿನ ಜಾವ ನಾಲ್ಕಕ್ಕೆ ಇದ್ದಕ್ಕಿದ್ದಂತೆ ಮೂಡುವ ಆ ಗಳಿಗೆ ಎಲ್ಲಿಂದ ಬಂದೀತು? 2010ರ ನವೆಂಬರಿನಲ್ಲಿ ಯುನೆಸ್ಕೊ ಫ್ಲಮೆಂಕೊವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆರೆಸ್‌ನ ಸಾಂಬೊಂಬಾ ಕೂಟಗಳು ಊರಿನ ಬೀದಿಬೀದಿಗೆ ಹರಡಿ ಪ್ರವಾಸಿಗರ ಜಾತ್ರೆಯಾಗಿವೆ. ಜಪಾನಿನಿಂದ, ಫ್ರಾನ್ಸಿನಿಂದ ಬಂದವರು ದುಡ್ಡು ಕೊಟ್ಟು ಬುಲೆರಿಯಾ ಕಲಿಯುತ್ತಾರೆ. ಇದರಿಂದ ಒಂದಷ್ಟು ಸಂಸಾರಗಳಿಗೆ ಅನ್ನ ಸಿಕ್ಕಿದೆ. ಧಣಿಯ ಮರ್ಜಿಗೆ ಕಾಯುತ್ತ ಕೂತಿದ್ದ ಅಜ್ಜನ ಮೊಮ್ಮಗ ಇಂದು ಗಂಟೆಗಿಷ್ಟು ಎಂದು ಶುಲ್ಕ ಹೇಳಬಲ್ಲ. ಇದನ್ನು ಪರಂಪರೆಯ ಅವನತಿಯೆಂದು ಮೂಗು ಮುರಿಯುವವರು ಆ ಅಜ್ಜನ ಹಸಿವನ್ನು ಉಂಡವರಲ್ಲ.

ಇತ್ತ ಸೆವಿಲ್‌ನ ಅಂಚಿನ 'ಮೂರು ಸಾವಿರ ಮನೆ'ಗಳ ಬಡಾವಣೆಯಲ್ಲಿ, ಬಡತನ, ಮಾದಕ ವಸ್ತುಗಳ ಹಾವಳಿಗಳ ನಡುವೆಯೂ ಹಾಡು ಹೊಸ ಬೇರು ಬಿಟ್ಟಿತು. ಫ್ರಾನ್ಸಿನ ಡೊಮಿನಿಕ್ ಅಬೆಲ್ 2003ರ 'ಪೊಲಿಗೊನೊ ಸುರ್' ಚಿತ್ರದಲ್ಲಿ ಆ ಬಡಾವಣೆಯ ರಾತ್ರಿಗಳನ್ನು ತೋರಿಸಿದ್ದಾರೆ. ಅಪಾರ್ಟ್‌ಮೆಂಟುಗಳ ನಡುವಿನ ಬಯಲಲ್ಲಿ ಕಸಕಡ್ಡಿ ಸೇರಿಸಿ ಹಾಕಿದ ಬೆಂಕಿ, ಅದರ ಸುತ್ತ ಜನ, ಜನರ ನಡುವೆ ಹಾಡು. ತ್ರಿಯಾನಾದ ಅಂಗಳ ಹೋಯಿತು, ಸಿಮೆಂಟಿನ ಬಯಲೇ ಅಂಗಳವಾಯಿತು.

ಹಬ್ಬದ ಹಾಡುಗಾರರ ಪರಂಪರೆ ಉಳಿಯುವುದು ಪಟ್ಟಿಗಳಿಂದಲ್ಲ, ಪ್ರಶಸ್ತಿಗಳಿಂದಲೂ ಅಲ್ಲ. ಅದಕ್ಕೆ ಬೇಕಾದದ್ದು ಬಹಳ ಕಡಿಮೆ. ಒಟ್ಟಿಗೆ ಬಾಳುವ ನಾಲ್ಕು ಸಂಸಾರ, ಸದ್ದಾದರೆ ಸಿಡುಕದ ನೆರೆಹೊರೆ, ತಪ್ಪಿದರೆ ಹುಬ್ಬು ಗಂಟಿಕ್ಕುವ ಒಬ್ಬ ಅಜ್ಜಿ, ಮತ್ತು ಮಲಗುವ ಹೊತ್ತು ಮೀರಿದರೂ ಎಚ್ಚರವಾಗಿದ್ದು ಹತ್ತರ ಪೆಟ್ಟಿಗೆ ಸರಿಯಾಗಿ ಚಪ್ಪಾಳೆ ತಟ್ಟುವ ಒಂದು ಮಗು. ಈ ಕಡಿಮೆಯೇ ಇಂದಿನ ನಗರಗಳಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದೆ. ಹೆರೆಸ್, ಉತ್ರೆರಾ, ಲೆಬ್ರಿಹಾಗಳಲ್ಲಿ ಅದು ಎಲ್ಲಿಯವರೆಗೆ ದೊರಕುವುದೋ ಅಲ್ಲಿಯವರೆಗೆ ದೊಡ್ಡ ಹಾಡುಗಾರರೂ ಹುಟ್ಟುತ್ತಿರುತ್ತಾರೆ.